ತೇಲುವ ಅರಮನೆಯನ್ನು ಕಟ್ಟುವವರು

ಹಡಗು ಎಂಬ ಮಾತು ಕನ್ನಡಕ್ಕೆ ಹೊಸತಲ್ಲ. ಹಳಗನ್ನಡದ ‘ಪಾಲು’ ನಮ್ಮ ಬಾಯಲ್ಲಿ ‘ಹಾಲು’ ಆದಂತೆ, ‘ಪೂ’ ಎಂಬುದು ‘ಹೂ’ ಆದಂತೆ, ‘ಪಡಗು’ ಎಂಬುದೇ ‘ಹಡಗು’ ಆಯಿತು. ನೆರೆಯ ತಮಿಳರು ಇಂದಿಗೂ ದೋಣಿಯನ್ನು ‘ಪಡಗು’ ಎಂದೇ ಕರೆಯುತ್ತಾರೆ. ಮಾತು ಹಳೆಯದಾದರೂ ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆಯ ನಮಗೆ ವಸ್ತುವಿನ ಪರಿಚಯ ಕಡಿಮೆ. ನಾವು ಬಲ್ಲದ್ದು ಸಂಗಮದ ಹರಿಗೋಲು. ಹೆಚ್ಚೆಂದರೆ ಕಪಿಲೆಯಲ್ಲಿ ಶ್ರೀಕಂಠೇಶ್ವರನ ತೆಪ್ಪೋತ್ಸವ.

ಹೀಗಿದ್ದರೂ ‘ವಿಲಾಸನೌಕೆ’ ಎಂಬ ಮಾತು ಈಚೆಗೆ ನಮ್ಮ ಮನೆಗಳ ಜಗಲಿಯವರೆಗೂ ಬಂದಿದೆ. ಪತ್ರಿಕೆಯಲ್ಲಿ ಅದರ ಚಿತ್ರ ಬರುತ್ತದೆ. ಹೋಟೆಲು ವಿದ್ಯೆ ಕಲಿತ ಹುಡುಗರು ಅದರಲ್ಲಿ ಕೆಲಸ ಸಿಕ್ಕೀತೇ ಎಂದು ವಿಚಾರಿಸುತ್ತಾರೆ. ಆದ್ದರಿಂದ ಇಂಥ ಹಡಗನ್ನು ಕಟ್ಟುವ ಬಗೆ ಹೇಗೆ, ಕಟ್ಟುವವರು ಯಾರು, ಆ ಕೆಲಸದಲ್ಲಿ ನಮ್ಮ ಪಾಲು ಎಷ್ಟು ಎಂಬ ಮೂರು ವಿಷಯಗಳನ್ನು ಇಂದು ನಿಮ್ಮೊಡನೆ ಆಲೋಚಿಸಬೇಕೆಂದಿದ್ದೇನೆ.

ವಿಲಾಸಕ್ಕೆಂದೇ ನೌಕೆ ಕಟ್ಟುವ ಕಲ್ಪನೆ ಪಶ್ಚಿಮದ ಸ್ವತ್ತು ಎಂದು ಭಾವಿಸಬೇಕಾಗಿಲ್ಲ. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಎಂಬ ಸಂಸ್ಕೃತ ಗ್ರಂಥದಲ್ಲಿ ನೌಕೆಗಳನ್ನು ಅವುಗಳ ಮೇಲಿರುವ ಕೋಣೆಗಳಿಂದ ವಿಂಗಡಿಸಿದ್ದಾರೆ. ಈ ತುದಿಯಿಂದ ಆ ತುದಿಯವರೆಗೆ ಕೋಣೆಗಳಿರುವುದು ಸರ್ವಮಂದಿರಾ. ಅದು ಬೊಕ್ಕಸ, ಕುದುರೆ, ಅಂತಃಪುರದ ಸ್ತ್ರೀಯರನ್ನು ಸಾಗಿಸಲು. ಮುಂಭಾಗದಲ್ಲಿ ಕೋಣೆಗಳಿರುವುದು ಅಗ್ರಮಂದಿರಾ. ಅದು ದೂರ ಪ್ರಯಾಣಕ್ಕೂ ಯುದ್ಧಕ್ಕೂ ತಕ್ಕದ್ದು. ನಡುವೆ ಕೋಣೆಗಳಿರುವುದು ಮಧ್ಯಮಂದಿರಾ. ಅದು ರಾಜರ ವಿಲಾಸಯಾತ್ರೆಗೆ. ಕಡಲಿಗೆ ಹೋಗುವ ನೌಕೆಯ ಹಲಗೆಗಳನ್ನು ಕಬ್ಬಿಣದಿಂದ ಜೋಡಿಸಬಾರದು, ಸಮುದ್ರದ ಅಯಸ್ಕಾಂತ ಶಿಲೆಗಳು ಎಳೆದುಕೊಂಡಾವು, ಎಂಬ ಎಚ್ಚರಿಕೆಯೂ ಅದರಲ್ಲಿದೆ. ಇಂದು ಹಡಗೆಲ್ಲ ಉಕ್ಕೇ. ಆ ಭಯ ಹೋಯಿತು, ವಿಲಾಸ ಉಳಿಯಿತು; ರಾಜನ ಜಾಗಕ್ಕೆ ಹಣ ಕೊಟ್ಟು ಟಿಕೆಟ್ಟು ಕೊಂಡವನು ಬಂದ.

ಈ ಕಾಲದ ವಿಲಾಸನೌಕೆಗಳಲ್ಲಿ ಅತಿ ದೊಡ್ಡವು ಊರಿನಷ್ಟೇ ದೊಡ್ಡವು. ಫಿನ್ಲೆಂಡಿನ ತುರ್ಕು ಪಟ್ಟಣದಲ್ಲಿ ಕಟ್ಟಿ ೨೦೨೪ರಲ್ಲಿ ಯಾನ ಆರಂಭಿಸಿದ ‘ಐಕನ್ ಆಫ್ ದಿ ಸೀಸ್’ ಎಂಬುದು ೩೬೫ ಮೀಟರ್ ಉದ್ದ. ಐದು ಸಾವಿರಕ್ಕೂ ಮಿಕ್ಕ ಪ್ರಯಾಣಿಕರಿಗೆ ಅದರಲ್ಲಿ ಸ್ಥಳ. ಆದರೆ ನಿಜವಾದ ಸಿರಿವಂತರು ಅಷ್ಟು ಸಂತೆಯನ್ನು ಬಯಸುವುದಿಲ್ಲ. ಅವರಿಗಾಗಿ ಮಧ್ಯಮ ಗಾತ್ರದ ಹಡಗುಗಳಿವೆ. ಜರ್ಮನಿಯಲ್ಲಿ ಕಟ್ಟಿ ೨೦೨೩ರಲ್ಲಿ ಒಪ್ಪಿಸಿದ ‘ಸಿಲ್ವರ್ ನೋವಾ’ ಇಂಥದೊಂದು. ಅದರ ಉದ್ದ ೨೪೪ ಮೀಟರ್, ಎಂದರೆ ಸುಮಾರು ೮೦೦ ಅಡಿ. ನಂಜನಗೂಡಿನ ನಮ್ಮ ದೊಡ್ಡ ದೇವಸ್ಥಾನದ ಉದ್ದ ೩೮೫ ಅಡಿ. ಅಂಥ ಎರಡು ದೇವಸ್ಥಾನಗಳನ್ನು ಸಾಲಾಗಿ ಇಟ್ಟರೂ ಈ ‘ಮಧ್ಯಮ’ ಹಡಗು ಇನ್ನೂ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರಲ್ಲಿ ಅತಿಥಿಗಳು ೭೨೮ ಮಂದಿ. ಅವರ ಸೇವೆಗೂ ಹಡಗನ್ನು ನಡೆಸುವುದಕ್ಕೂ ಸುಮಾರು ೫೫೦ ಸಿಬ್ಬಂದಿ. ನಾಲ್ವರು ಉಂಡರೆ ಮೂವರು ದುಡಿಯುವ ಲೆಕ್ಕ.

ಆ ಹಡಗು ೫೪,೭೦೦ ‘ಗ್ರಾಸ್ ಟನ್’ ಎಂದು ಬರೆಯುತ್ತಾರೆ. ಇದನ್ನು ತೂಕ ಎಂದು ತಿಳಿಯುವವರೇ ಹೆಚ್ಚು. ಇದು ತೂಕವಲ್ಲ, ಹಡಗಿನ ಒಳಗಿನ ಅವಕಾಶದ ಅಳತೆ. ಹಿಂದೆ ಯೂರೋಪಿನಲ್ಲಿ ಒಂದು ಹಡಗು ಎಷ್ಟು ಮದ್ಯದ ಪೀಪಾಯಿಗಳನ್ನು ಹಿಡಿಸುತ್ತದೆ ಎಂದು ಎಣಿಸಿ ಸುಂಕ ಹಾಕುತ್ತಿದ್ದರು. ಪೀಪಾಯಿಯ ಹೆಸರೇ ಟನ್ ಆಯಿತು. ನಮ್ಮ ರೈತರು ‘ಹತ್ತು ಖಂಡುಗದ ಕಣಜ’ ಎಂದಾಗ ಕಣಜದ ತೂಕವನ್ನು ಹೇಳುವುದಿಲ್ಲವಷ್ಟೆ. ಹಾಗೆಯೇ ಇದೂ.

ಇನ್ನು ಕಟ್ಟುವ ಕ್ರಮ. ಮನೆಯನ್ನು ತಳಪಾಯದಿಂದ ಮೇಲಕ್ಕೆ ಸಾಲು ಸಾಲಾಗಿ ಕಟ್ಟುತ್ತೇವೆ. ಹಡಗನ್ನು ಹಾಗೆ ಕಟ್ಟುವುದಿಲ್ಲ. ಮೊದಲು ಉಕ್ಕಿನ ಹಾಳೆಗಳನ್ನು ಯಂತ್ರದಿಂದ ಕತ್ತರಿಸುತ್ತಾರೆ. ಅವಕ್ಕೆ ಪಕ್ಕೆಲುಬುಗಳಂತೆ ಪಟ್ಟಿಗಳನ್ನು ಬೆಸೆದು, ಅಂಥ ಹಾಳೆಗಳನ್ನು ಕೂಡಿಸಿ ಒಂದೊಂದು ಭಾಗವನ್ನು ಬೇರೆ ಬೇರೆಯಾಗಿ ಸಿದ್ಧಮಾಡುತ್ತಾರೆ. ಕೊಳವೆ, ತಂತಿ, ಗಾಳಿಯ ನಾಳ ಇವುಗಳಲ್ಲಿ ಹೆಚ್ಚಿನವನ್ನು ಆ ಭಾಗಗಳಲ್ಲಿ ಆಗಲೇ ಕೂರಿಸಿಬಿಡುತ್ತಾರೆ. ಬಳಿಕ ನೂರಾರು ಟನ್ ತೂಕದ ಈ ಭಾಗಗಳನ್ನು ಕ್ರೇನು ಎತ್ತಿ ತಂದು, ನೀರಿಲ್ಲದ ದೊಡ್ಡ ಕೊಳದಂಥ ಡಾಕಿನಲ್ಲಿ ಒಂದರ ಪಕ್ಕ ಒಂದನ್ನು ಇಡುತ್ತದೆ. ಬೆಸುಗೆಯವರು ಅವನ್ನು ಒಂದು ಮಾಡುತ್ತಾರೆ. ಮೊದಲ ಭಾಗವನ್ನು ಇಳಿಸುವ ದಿನ ಅದರ ಕೆಳಗೆ ನಾಣ್ಯವಿಡುವ ಸಂಪ್ರದಾಯ ಆ ದೇಶಗಳಲ್ಲಿದೆ. ಶಂಕುಸ್ಥಾಪನೆಯಲ್ಲಿ ನಾಣ್ಯ, ನವರತ್ನಗಳನ್ನು ಇಡುವ ನಮಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರಯಾಣಿಕರ ಕೋಣೆಗಳು ಬೇರೊಂದು ಕಾರ್ಖಾನೆಯಲ್ಲಿ ಸ್ನಾನದ ಮನೆ ಸಮೇತ ತಯಾರಾಗಿ ಬಂದು, ಮೇಜಿನ ಅರೆಗೆ ಡ್ರಾಯರು ಹೋಗುವಂತೆ ಹಡಗಿನೊಳಕ್ಕೆ ಜಾರಿಹೋಗುತ್ತವೆ. ಕೊನೆಗೆ ಡಾಕಿಗೆ ನೀರು ಬಿಡುತ್ತಾರೆ. ಅಲ್ಲಿಯವರೆಗೆ ಕಟ್ಟಡವಾಗಿದ್ದದ್ದು ಅಂದು ಮೆಲ್ಲಗೆ ತಳ ಬಿಟ್ಟು ಏಳುತ್ತದೆ, ಹಡಗಾಗುತ್ತದೆ. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಒಳಗಿನ ಅಲಂಕಾರ, ಆಮೇಲೆ ಕಡಲಿನಲ್ಲಿ ಪರೀಕ್ಷೆ, ಆ ಬಳಿಕವೇ ಒಪ್ಪಿಸುವುದು.

ಇದರಲ್ಲಿ ಅತ್ಯಂತ ಕಠಿಣವಾದದ್ದು ಯಾವುದು? ಉಕ್ಕನ್ನು ಬೆಸೆಯುವುದೇ? ಅಲ್ಲ. ವಿಲಾಸದ ತೂಕವನ್ನು ಹತೋಟಿಯಲ್ಲಿಡುವುದು. ಸಂಗಮದಲ್ಲಿ ಹರಿಗೋಲು ಹತ್ತಿದೊಡನೆ ಅಂಬಿಗ ಹೇಳುವ ಮೊದಲ ಮಾತು, ‘ಕೂತ್ಕೊಳ್ಳಿ ಸ್ವಾಮಿ, ಎದ್ದು ನಿಲ್ಲಬೇಡಿ’ ಎಂದು. ಭಾರ ಮೇಲಕ್ಕೆ ಹೋದಷ್ಟೂ ನಾವೆ ಮಗುಚಲು ಹವಣಿಸುತ್ತದೆ ಎಂಬುದನ್ನು ಅವನು ಯಾವ ಕಾಲೇಜಿನಲ್ಲಿಯೂ ಓದಿದವನಲ್ಲ. ಸ್ವೀಡನ್ನಿನ ದೊರೆಗೆ ಈ ಮಾತು ಹೇಳುವವರಿರಲಿಲ್ಲವೋ ಏನೋ. ಅವನು ಕಟ್ಟಿಸಿದ ‘ವಾಸಾ’ ಎಂಬ ರಾಜನೌಕೆ ಕೆತ್ತನೆಯ ಬೊಂಬೆಗಳಿಂದಲೂ ಎರಡು ಅಂತಸ್ತಿನ ಫಿರಂಗಿಗಳಿಂದಲೂ ಮೆರೆಯುತ್ತ ೧೬೨೮ರ ಆಗಸ್ಟ್ ೧೦ರಂದು ಹೊರಟು, ಒಂದು ಮೈಲಿಯನ್ನೂ ದಾಟದೆ, ಸ್ಟಾಕ್‌ಹೋಮಿನ ಜನ ದಡದಲ್ಲಿ ನಿಂತು ನೋಡುತ್ತಿರುವಂತೆಯೇ ಒಂದು ಗಾಳಿಯ ಹೊಡೆತಕ್ಕೆ ವಾಲಿ ಮುಳುಗಿತು. ಇಂದಿನ ವಿಲಾಸನೌಕೆಯಲ್ಲಿ ಈಜುಕೊಳವಿರುವುದು ಮೇಲಂತಸ್ತಿನಲ್ಲಿ; ನಾಟಕಶಾಲೆ, ಭೋಜನಶಾಲೆ, ಅಮೃತಶಿಲೆಯ ನೆಲ ಎಲ್ಲವೂ ಬೇಕು. ಆದ್ದರಿಂದ ಕಟ್ಟುವವರು ಪ್ರತಿಯೊಂದು ವಸ್ತುವಿನ ತೂಕವನ್ನೂ ಬರೆದಿಡುತ್ತಾರೆ. ಕಣ್ಣಿಗೆ ದಪ್ಪ ಕಲ್ಲಾಗಿ ಕಾಣುವುದು ತೆಳುವಾದ ಪದರ. ಮರವಾಗಿ ಕಾಣುವುದು ಎಷ್ಟೋ ವೇಳೆ ಬೆಂಕಿ ಹಿಡಿಯದ ಹಲಗೆ.

ಬೆಂಕಿಯ ಮಾತೂ ಸಣ್ಣದಲ್ಲ. ೧೯೧೨ರ ಏಪ್ರಿಲಿನಲ್ಲಿ ‘ಟೈಟಾನಿಕ್’ ಮುಳುಗಿದಾಗ ಅದರಲ್ಲಿದ್ದವರು ಸುಮಾರು ೨,೨೦೦ ಮಂದಿ. ಜೀವರಕ್ಷಕ ದೋಣಿಗಳಲ್ಲಿ ಇದ್ದ ಸ್ಥಳ ೧,೧೭೮ ಮಂದಿಗೆ. ಆ ದುಃಖದಿಂದ ೧೯೧೪ರಲ್ಲಿ ರಾಷ್ಟ್ರಗಳು ಸೇರಿ ಕಡಲಿನಲ್ಲಿ ಪ್ರಾಣರಕ್ಷಣೆಯ ಒಪ್ಪಂದ ಮಾಡಿಕೊಂಡವು. ಅದು ಬೆಳೆಯುತ್ತ ಬಂದು, ಇಂದು ಹಡಗಿನ ಗೋಡೆ, ಬಾಗಿಲು, ಪರದೆಗಳಿಗೂ ನಿಯಮವಿದೆ. ಬೇಡಿದವನಿಗೆ ಬೇಡಿದ ಸುಖವನ್ನೂ ಕೊಡಬೇಕು, ನಿಯಮವನ್ನೂ ಮೀರಬಾರದು, ತೂಕವೂ ಏರಬಾರದು. ವಿಲಾಸನೌಕೆಯ ಕಷ್ಟವೆಲ್ಲ ಇಲ್ಲಿದೆ.

ಈ ಕಷ್ಟ ಎಷ್ಟು ದೊಡ್ಡದೆಂದರೆ ಅದು ಹೆಸರಾಂತ ಕಸಬುದಾರರನ್ನೂ ಮಣಿಸಿದೆ. ಜಪಾನಿನ ಮಿತ್ಸುಬಿಷಿ ಕಂಪನಿ ಹಡಗು ಕಟ್ಟುವುದರಲ್ಲಿ ನೂರು ವರ್ಷಕ್ಕೂ ಮಿಕ್ಕ ಅನುಭವವುಳ್ಳದ್ದು. ಅದು ೨೦೧೧ರಲ್ಲಿ ಒಂದು ಜರ್ಮನ್ ಯಾನಸಂಸ್ಥೆಗೆ ಎರಡು ವಿಲಾಸನೌಕೆಗಳನ್ನು ಕಟ್ಟಿಕೊಡಲು ಒಪ್ಪಿತು. ನಾಗಸಾಕಿಯಲ್ಲಿ ಕೆಲಸ ನಡೆಯಿತು. ನಕ್ಷೆಗಳು ಮತ್ತೆ ಮತ್ತೆ ತಿದ್ದುಪಾಟಾದವು. ೨೦೧೬ರ ಜನವರಿಯಲ್ಲಿ ಕಟ್ಟುತ್ತಿದ್ದ ಹಡಗಿನಲ್ಲಿ ಒಂದಾದ ಮೇಲೊಂದು ಬೆಂಕಿ ಹತ್ತಿತು. ಮೊದಲನೆಯ ಹಡಗು ಸುಮಾರು ಒಂದು ವರ್ಷ ತಡವಾಗಿ ಆ ಮಾರ್ಚಿನಲ್ಲಿ ಮುಗಿಯಿತು. ನಷ್ಟ ಇನ್ನೂರು ಕೋಟಿ ಡಾಲರುಗಳನ್ನು ಮೀರಿತು. ಆ ವರ್ಷವೇ ಕಂಪನಿ ದೊಡ್ಡ ವಿಲಾಸನೌಕೆಗಳ ಗೊಡವೆಯನ್ನು ಬಿಟ್ಟಿತು. ಸರಕಿನ ಹಡಗು ಕಟ್ಟಬಲ್ಲವನು ವಿಲಾಸದ ಹಡಗನ್ನೂ ಕಟ್ಟಬಲ್ಲ ಎಂಬುದು, ಕಣಜ ಕಟ್ಟಬಲ್ಲವನು ಅರಮನೆಯನ್ನೂ ಕಟ್ಟಬಲ್ಲ ಎಂದಂತೆ. ಇಂದಿಗೂ ದೊಡ್ಡ ವಿಲಾಸನೌಕೆಗಳು ಹೆಚ್ಚಾಗಿ ಹುಟ್ಟುವುದು ಇಟಲಿ, ಫ್ರಾನ್ಸ್, ಜರ್ಮನಿ, ಫಿನ್ಲೆಂಡುಗಳಲ್ಲಿ.

ಇವುಗಳಲ್ಲಿ ಜರ್ಮನಿಯ ಪಾಪೆನ್‌ಬುರ್ಗ್ ಪಟ್ಟಣದ ಕಥೆಯನ್ನು ನದಿಯ ದಡದಲ್ಲಿ ವಾಸಿಸುವ ನಾವು ವಿಶೇಷವಾಗಿ ಕೇಳಬೇಕು. ‘ಸಿಲ್ವರ್ ನೋವಾ’ ಹುಟ್ಟಿದ್ದು ಅಲ್ಲಿಯೇ. ಅದು ಕಡಲೂರಲ್ಲ, ಎಮ್ಸ್ ಎಂಬ ನದಿಯ ದಡದ ಊರು. ೧೭೯೫ರಲ್ಲಿ ಮೇಯರ್ ಎಂಬ ಮನೆತನದವರು ಅಲ್ಲಿ ಮರದ ಹಡಗು ಕಟ್ಟಲು ತೊಡಗಿದರು. ಇಂದು ಅವರ ಕಾರ್ಖಾನೆಯ ಒಂದು ಮುಚ್ಚಿದ ಡಾಕೇ ಅರ್ಧ ಕಿಲೋಮೀಟರ್ ಉದ್ದವಿದೆ. ಹಡಗು ಸಿದ್ಧವಾದ ಮೇಲೆ ಅದನ್ನು ಸುಮಾರು ೩೬ ಕಿಲೋಮೀಟರ್ ದೂರ ಆ ಕಿರಿದಾದ ನದಿಯಲ್ಲಿ ಕಡಲಿಗೆ ನಡೆಸಿಕೊಂಡು ಹೋಗಬೇಕು. ಹೇಗೆಂದರೆ ಹಿಂದುಮುಂದಾಗಿ, ಟಗ್ ದೋಣಿಗಳು ಹಿಡಿದು, ತೇರನ್ನು ಸಂದಿಯಲ್ಲಿ ತಿರುಗಿಸುವಷ್ಟು ನಾಜೂಕಿನಿಂದ. ನೀರು ಸಾಲದಾಗ ನದಿಗೆ ೨೦೦೨ರಲ್ಲಿ ಕಟ್ಟಿದ ಬಾಗಿಲಣೆಯನ್ನು ಮುಚ್ಚಿ ಮಟ್ಟ ಏರಿಸುತ್ತಾರೆ. ದಾರಿಯಲ್ಲಿ ಒಂದು ರೈಲು ಸೇತುವೆ ಇತ್ತು; ದೊಡ್ಡ ಹಡಗು ಬಂದಾಗ ಅದರ ಒಂದು ಕಣ್ಣಿನ ಮೇಲ್ಭಾಗವನ್ನೇ ಕ್ರೇನಿನಿಂದ ಎತ್ತಿ ಪಕ್ಕಕ್ಕಿಡುತ್ತಿದ್ದರು. ೨೦೧೫ರ ಡಿಸೆಂಬರಿನಲ್ಲಿ ಒಂದು ಸರಕಿನ ಹಡಗು ಆ ಸೇತುವೆಗೆ ಢಿಕ್ಕಿ ಹೊಡೆಯಿತು. ವರ್ಷಗಟ್ಟಲೆ ಅಲ್ಲಿ ರೈಲು ಓಡಲಿಲ್ಲ. ದಳವಾಯಿ ದೇವರಾಜಯ್ಯನ ಕಾಲದ ಕಪಿಲೆಯ ಹಳೆಯ ಸೇತುವೆಯನ್ನು, ರಸ್ತೆಯನ್ನೂ ರೈಲನ್ನೂ ಒಂದೇ ಬೆನ್ನಮೇಲೆ ಹೊತ್ತ ಆ ಸೇತುವೆಯನ್ನು, ಕಂಡ ನಮಗೆ ಅಲ್ಲಿಯ ಜನರ ಪಾಡು ಅರ್ಥವಾದೀತು.

ಹಡಗಿಗಾಗಿ ನದಿ ತೆತ್ತ ಬೆಲೆ ಇಷ್ಟೇ ಅಲ್ಲ. ತಳವನ್ನು ಮತ್ತೆ ಮತ್ತೆ ಆಳಮಾಡಿದ್ದರಿಂದ ಎಮ್ಸ್ ನದಿಯ ಕೆಳಭಾಗದಲ್ಲಿ ಕೆಸರು ಹೆಚ್ಚಿ, ಬೇಸಿಗೆಯಲ್ಲಿ ನೀರಿನ ಪ್ರಾಣವಾಯು ಕುಗ್ಗಿ, ಮೀನುಗಳಿಗೆ ಸಂಕಟವಾಗಿದೆ. ಕಾರ್ಖಾನೆಯ ಸ್ಥಿತಿಯೂ ಸುಗಮವಾಗಿರಲಿಲ್ಲ. ಈ ವ್ಯಾಪಾರದಲ್ಲಿ ಬೆಲೆಯ ಸುಮಾರು ಶೇಕಡಾ ೮೦ ಭಾಗ ಕೈಗೆ ಬರುವುದು ಹಡಗನ್ನು ಒಪ್ಪಿಸಿದ ದಿನ. ಕೋವಿಡ್ಡಿಗೆ ಮುಂಚೆ ಕುದುರಿದ ಬೆಲೆಗೆ, ಆಮೇಲೆ ಏರಿದ ಉಕ್ಕಿನ, ವಿದ್ಯುತ್ತಿನ ದರದಲ್ಲಿ ಕಟ್ಟಿಕೊಡಬೇಕಾಗಿ ಬಂತು. ೨೦೨೪ರ ಸೆಪ್ಟೆಂಬರಿನಲ್ಲಿ ಜರ್ಮನ್ ಸರ್ಕಾರವೂ ಅಲ್ಲಿಯ ರಾಜ್ಯ ಸರ್ಕಾರವೂ ಸುಮಾರು ೪೦ ಕೋಟಿ ಯೂರೋ ಹಾಕಿ ಕಂಪನಿಯ ಶೇಕಡಾ ೮೦ರಷ್ಟು ಪಾಲನ್ನು ವಹಿಸಿಕೊಂಡವು. ಸಿರಿವಂತರ ವಿಹಾರಕ್ಕೆ ತೆರಿಗೆಯ ಹಣವೇ ಎಂದು ಕೇಳಬಹುದು. ಸರ್ಕಾರಗಳ ಉತ್ತರ, ಇದು ವಿಹಾರಕ್ಕಲ್ಲ, ಸಾವಿರಾರು ಜನರ ಕೆಲಸಕ್ಕೆ ಎಂದು. ಹಣ ಹೋದರೆ ಸಂಪಾದಿಸಬಹುದು; ಎರಡು ನೂರು ವರ್ಷ ಕೈಯಿಂದ ಕೈಗೆ ಬಂದ ಕಸಬು ಒಮ್ಮೆ ಚದುರಿದರೆ ಮತ್ತೆ ಕೂಡಿಸುವವರು ಯಾರು? ಆ ಉತ್ತರವನ್ನು ನಾನು ಒಪ್ಪುತ್ತೇನೆ. ಆದರೆ ನದಿಯ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು ಎಂಬುದನ್ನು ಮಾತ್ರ ಸೇರಿಸುತ್ತೇನೆ. ಕಪಿಲೆಯ ನೀರು ಕುಡಿಯುವವರು ಅಷ್ಟನ್ನು ಹೇಳದಿದ್ದರೆ ಹೇಗೆ?

ಇನ್ನು ನಮ್ಮ ನಾಡಿಗೆ ಬರೋಣ. ಇಲ್ಲಿಗೆ ಸಮೀಪದ ಶ್ರೀರಂಗಪಟ್ಟಣದಲ್ಲಿ ಕುಳಿತು ಟಿಪ್ಪು ಸುಲ್ತಾನನು ೧೭೯೬ರಲ್ಲಿ ನೌಕಾಖಾತೆಯ ನಿಬಂಧನೆಗಳನ್ನು ಹೊರಡಿಸಿ, ಮಂಗಳೂರೂ ಸೇರಿದಂತೆ ಕರಾವಳಿಯಲ್ಲಿ ನಲವತ್ತು ಯುದ್ಧನೌಕೆಗಳನ್ನು ಕಟ್ಟಿಸುವ ಏರ್ಪಾಡು ಮಾಡಿದ. ಮೂರೇ ವರ್ಷದಲ್ಲಿ ಅವನೂ ಇಲ್ಲವಾದ, ಆ ಯೋಜನೆಯೂ ಮುಗಿಯಿತು. ಸ್ವತಂತ್ರ ಭಾರತದಲ್ಲಿ ‘ಜಲ ಉಷಾ’ ಎಂಬ ಉಕ್ಕಿನ ಹಡಗನ್ನು ೧೯೪೮ರ ಮಾರ್ಚಿನಲ್ಲಿ ವಿಶಾಖಪಟ್ಟಣದಲ್ಲಿ ಜವಾಹರಲಾಲ್ ನೆಹರೂ ಅವರು ನೀರಿಗಿಳಿಸಿದರು. ಆದರೂ ಇಂದು ಪ್ರಪಂಚದ ಹಡಗು ನಿರ್ಮಾಣದಲ್ಲಿ ಭಾರತದ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. ವಿಲಾಸಯಾನದಲ್ಲಿ ನಮ್ಮವರು ನದಿಯಿಂದ ಮೊದಲುಮಾಡಿದ್ದಾರೆ. ೨೦೨೩ರ ಜನವರಿ ೧೩ರಂದು ವಾರಾಣಸಿಯಿಂದ ಹೊರಟ ‘ಗಂಗಾ ವಿಲಾಸ್’ ೬೨ ಮೀಟರ್ ಉದ್ದದ್ದು. ೩೬ ಪ್ರವಾಸಿಗಳಿಗೆ ಸ್ಥಳವುಳ್ಳದ್ದು. ದಿಬ್ರೂಗಢದವರೆಗೆ ಸುಮಾರು ೩,೨೦೦ ಕಿಲೋಮೀಟರುಗಳ, ೫೧ ದಿನಗಳ ಯಾನಕ್ಕೆಂದು ಅದು ಹೊರಟಿತು.

ಕರ್ನಾಟಕದಲ್ಲಿ ಕಡಲ ವಿಲಾಸನೌಕೆ ಸಿದ್ಧವಾಗುತ್ತಿದೆ ಎಂದು ಹೇಳಲಾರೆ. ಆದರೆ ಉಡುಪಿಯ ಹತ್ತಿರದ ಮಲ್ಪೆಯಲ್ಲಿ ಹಡಗುಗಳು ಹುಟ್ಟುತ್ತಿವೆ. ಅಲ್ಲಿ ಟೆಬ್ಮಾ ಎಂಬ ಕಂಪನಿಯದೊಂದು ಕಾರ್ಖಾನೆ ಇತ್ತು. ಅದು ಸಾಲದಲ್ಲಿ ಸಿಕ್ಕಿ ನಿಂತುಹೋಗಿತ್ತು. ೨೦೨೦ರಲ್ಲಿ ಕೇಂದ್ರ ಸರ್ಕಾರದ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನು ಕೊಂಡಿತು. ೨೦೨೨ರಲ್ಲಿ ಅದಕ್ಕೆ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಾಯಿತು. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಟಗ್ಗುಗಳನ್ನು ಅಲ್ಲಿ ಕಟ್ಟಿದರು. ೨೦೨೩ರಲ್ಲಿ ನಾರ್ವೆ ದೇಶದ ಬರ್ಗೆನ್ ನಗರದ ವಿಲ್ಸನ್ ಕಂಪನಿಯವರು ೩,೮೦೦ ಟನ್ ಹೊರುವ ಆರು ಸರಕಿನ ಹಡಗುಗಳಿಗೆ ಅಲ್ಲಿ ಕರಾರು ಮಾಡಿಕೊಂಡರು. ಮರುವರ್ಷ ೬,೩೦೦ ಟನ್ನಿನವುಗಳಿಗೂ ಮಾಡಿಕೊಂಡರು. ಕಡಲಯಾನದಲ್ಲಿ ಪಳಗಿದ ನಾರ್ವೆಯವರು ನಮ್ಮ ಕರಾವಳಿಗೆ ಹಡಗು ಕೇಳಿಕೊಂಡು ಬಂದರು ಎಂಬುದು ಕಡಿಮೆ ಮಾತಲ್ಲ. ನಾಳೆಯೇ ವಿಲಾಸನೌಕೆ ಕಟ್ಟಿರೆಂದು ಅವರನ್ನು ಹುರಿದುಂಬಿಸುವುದು ಜಾಣತನವಲ್ಲ. ನಾಗಸಾಕಿಯ ಪಾಠ ಕಣ್ಣಮುಂದಿದೆ. ಟಗ್ಗು, ಸರಕಿನ ಹಡಗು, ಪ್ರಯಾಣಿಕರ ಹಡಗು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ಅರಮನೆಯೂ ಒಂದು ದಿನ ಬಂದೀತು.

ಈ ಮಾತನ್ನು ರೇಡಿಯೋ ಮುಂದೆ ಕುಳಿತ ತಂದೆತಾಯಿಗಳಿಗೆ ಹೇಳಲು ಒಂದು ಕಾರಣವಿದೆ. ಹಿಂದೆ ನನ್ನ ತರಗತಿಯಲ್ಲಿ ಓದಿದ ಹುಡುಗನೊಬ್ಬನ ತಂದೆ ಒಂದು ಸಂಜೆ ಮನೆಗೆ ಬಂದರು. ‘ಮೇಷ್ಟ್ರೇ, ನಮ್ಮ ಹುಡುಗ ವಿಲಾಸದ ಹಡಗಿನಲ್ಲಿ ಬಡಿಸೋ ಕೆಲಸಕ್ಕೆ ಹೋಗ್ತೀನಿ ಅಂತಾನೆ. ಏಜೆಂಟು ಮೂರು ಲಕ್ಷ ಕೇಳ್ತಾನೆ. ಅರ್ಧ ಎಕರೆ ಗದ್ದೆ ಅಡವು ಹಾಕೋಣ ಅಂತಿದ್ದೀನಿ. ನೀವೇನಂತೀರಿ?’ ಎಂದರು. ಏಜೆಂಟಿನ ಪರವಾನಗಿಯ ಸಂಖ್ಯೆ ಕೇಳಿ ಎಂದೆ. ಕೇಳಿದರು. ಅಂದಿನಿಂದ ಆ ಮನುಷ್ಯ ಫೋನು ಎತ್ತಲಿಲ್ಲ. ಗದ್ದೆ ಉಳಿಯಿತು. ಹುಡುಗ ಕೆಲವು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಪರವಾನಗಿ ಇರುವ ಕಂಪನಿಯ ಮೂಲಕ ಅರ್ಜಿ ಹಾಕಿದ.

ಹಡಗಿನ ಕೆಲಸಕ್ಕೆ ಆಳು ಕಳುಹಿಸುವವರು ಮುಂಬಯಿಯಲ್ಲಿರುವ ನೌಕಾಯಾನ ಮಹಾನಿರ್ದೇಶನಾಲಯದಿಂದ ಪರವಾನಗಿ ಪಡೆದಿರಬೇಕು. ಕೆಲಸ ಕೊಡಿಸಿದ್ದಕ್ಕೆಂದು ನೌಕರನಿಂದ ಹಣ ತೆಗೆದುಕೊಳ್ಳುವಂತಿಲ್ಲ. ಪಾಸ್‌ಪೋರ್ಟು, ನಾವಿಕನ ಪುಸ್ತಕ, ಕಾನೂನಿನ ವೈದ್ಯಕೀಯ ಪ್ರಮಾಣಪತ್ರ ಇಂಥ ಖರ್ಚು ಮಾತ್ರ ಅವನದು. ೨೦೦೬ರ ಅಂತರರಾಷ್ಟ್ರೀಯ ಒಪ್ಪಂದ ಇದನ್ನು ಹೇಳುತ್ತದೆ. ಭಾರತ ಅದನ್ನು ೨೦೧೫ರಲ್ಲಿ ಅಂಗೀಕರಿಸಿತು. ದಿನದ ೨೪ ಗಂಟೆಗಳಲ್ಲಿ ಹತ್ತು ಗಂಟೆ, ವಾರದಲ್ಲಿ ೭೭ ಗಂಟೆ ವಿಶ್ರಾಂತಿ ಕೊಡಬೇಕೆಂದೂ ಅದೇ ಒಪ್ಪಂದದ ನಿಯಮ. ಬಡಿಸುವ ಕೆಲಸ ಕೀಳಲ್ಲ. ಅನ್ನ ಬಡಿಸುವ ಕೈಯನ್ನು ಕೀಳೆನ್ನುವವನು ಉಣ್ಣಲು ಯೋಗ್ಯನಲ್ಲ. ಆದರೆ ಕಾನೂನನ್ನು ತಿಳಿದು ಹೋಗಲಿ. ಗದ್ದೆ ಮಾರಿ ಹೋಗುವುದು ಬೇಡ.

ಮತ್ತೊಂದು ಮಾತು. ಹಡಗಿನ ಕೆಲಸ ಎಂದೊಡನೆ ನಮಗೆ ಹೊಳೆಯುವುದು ಸಮವಸ್ತ್ರ ತೊಟ್ಟು ಹಡಗು ಹತ್ತುವುದು. ಹಡಗನ್ನು ಕಟ್ಟುವುದೂ ಹಡಗಿನ ಕೆಲಸವೇ. ಬೆಸುಗೆ, ಕೊಳವೆ ಜೋಡಣೆ, ವಿದ್ಯುತ್ತಿನ ತಂತಿ, ಬಡಗಿತನ, ಬಣ್ಣ, ನಕ್ಷೆ ಬರೆಯುವುದು, ತೂಕದ ಲೆಕ್ಕ ಇಡುವುದು, ಎಲ್ಲಕ್ಕೂ ಕಲಿತ ಕೈ ಬೇಕು. ಹಡಗಿನ ಮುಖ್ಯ ಬೆಸುಗೆಗಳನ್ನು ವೈದ್ಯನು ಎಲುಬನ್ನು ನೋಡುವಂತೆ ಎಕ್ಸ್‌ರೇ ಹಿಡಿದು ನೋಡುತ್ತಾರೆ. ಒಳಗೆ ಗಾಳಿಯ ಗುಳ್ಳೆ ನಿಂತಿದ್ದರೆ ಬಿಚ್ಚಿ ಮತ್ತೆ ಹಾಕಿಸುತ್ತಾರೆ. ಆ ಕೆಲಸಗಾರನ ಹೆಸರು ಹಡಗಿನ ಮೇಲೆಲ್ಲೂ ಇರುವುದಿಲ್ಲ. ಆದರೆ ಬಿರುಗಾಳಿಯ ರಾತ್ರಿಯಲ್ಲಿ ಸಾವಿರಾರು ಜನ ನಿಶ್ಚಿಂತೆಯಿಂದ ನಿದ್ರಿಸುವುದು ಅವನ ಪ್ರಾಮಾಣಿಕತೆಯ ಮೇಲೆ. ನಮ್ಮ ಊರುಗಳಲ್ಲಿ ಮಗ ಐ.ಟಿ.ಐ. ಸೇರಿದನೆಂದು ಹೇಳುವಾಗ ತಂದೆಯ ದನಿ ತಗ್ಗುವುದನ್ನು ಮೂವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಆ ದನಿ ತಗ್ಗಬೇಕಾಗಿಲ್ಲ. ವಿಶ್ವಕರ್ಮನನ್ನು ದೇವಶಿಲ್ಪಿಯೆಂದು ಪೂಜಿಸಿ, ಮನೆಯ ಮಗ ಉಳಿ ಹಿಡಿದರೆ ನಾಚುವುದು ಯಾವ ನ್ಯಾಯ?

ವಿಲಾಸನೌಕೆಯೊಡನೆ ಮೂರು ಬಗೆಯ ಸಂಬಂಧ ಸಾಧ್ಯ: ಅದರಲ್ಲಿ ಅತಿಥಿಯಾಗಿ ಕೂರುವುದು, ಪರಿಚಾರಕನಾಗಿ ನಿಲ್ಲುವುದು, ಅದನ್ನು ಕಟ್ಟಿ ನೀರಿಗೆ ಬಿಡುವುದು. ಮೊದಲನೆಯದು ಹಣವಿದ್ದವರಿಗೆ, ಹಣ ಮುಗಿದೊಡನೆ ಅದೂ ಮುಗಿಯುತ್ತದೆ. ಎರಡನೆಯದು ಒಂದು ಮನೆಗೆ ಅನ್ನ ಕೊಡುತ್ತದೆ. ಮೂರನೆಯದು ಒಂದು ನಾಡಿಗೆ ವಿದ್ಯೆ ಕೊಡುತ್ತದೆ. ಮುಂದಿನ ಬೇಸಿಗೆ ರಜೆಯಲ್ಲಿ ಉಡುಪಿಗೆ ಶ್ರೀಕೃಷ್ಣನ ದರ್ಶನಕ್ಕೆ ಹೋಗುವವರು ಮಕ್ಕಳನ್ನು ಮಲ್ಪೆಯ ಬಂದರಿನ ಕಡೆಗೂ ಕರೆದುಕೊಂಡು ಹೋಗಿರಿ. ಕಾರ್ಖಾನೆಯ ಒಳಕ್ಕೆ ಬಿಡದಿದ್ದರೂ ಚಿಂತೆಯಿಲ್ಲ. ನೀರಿನಲ್ಲಿ ನಿಂತ ಹಡಗನ್ನು ತೋರಿಸಿ, ಇದನ್ನು ಕಟ್ಟಿದವರು ನಮ್ಮಂಥವರೇ ಎಂದು ಅವರಿಗೆ ತಿಳಿಯಹೇಳಿರಿ.